ಚೆಕಿಂಗ್ ಸಾಹೇಬರ ನೇರಳೆ ಹೂವು

ಚೆಕಿಂಗ್ ಸಾಹೇಬರು ನಿವೃತ್ತರಾದ ದಿನ ಬಸ್ ಡಿಪೋದವರು ಕೇಕು ಕತ್ತರಿಸಿ, ಗೋಡೆ ಗಡಿಯಾರವೊಂದನ್ನು ಕೈಗಿಟ್ಟು, ಕಣ್ಣೊರೆಸಿಕೊಳ್ಳುತ್ತ ಬೀಳ್ಕೊಟ್ಟರು. ಅದು ದುಃಖದ ಕಣ್ಣೀರಲ್ಲ ಎಂಬುದು ಕಂಡಕ್ಟರುಗಳಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಮೂವತ್ತೈದು ವರ್ಷ ನಡುರಸ್ತೆಯಲ್ಲಿ ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿ, ಹತ್ತಿ, ಟಿಕೆಟ್ ತಪಾಸಣೆ ಮಾಡಿದ ಮನುಷ್ಯ. ನಕಲಿ ಪಾಸನ್ನು ಕಣ್ಣಿಗಿಂತ ಮೊದಲು ಹೆಬ್ಬೆರಳಿನಿಂದಲೇ ಹಿಡಿಯುತ್ತಿದ್ದರು. ಕಾಗದವನ್ನು ಎರಡು ಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ಅಸಲು ಯಾವುದು ನಕಲು ಯಾವುದು ಎಂದು ಹೇಳಿಬಿಡುತ್ತಿದ್ದರು. ಅಂಥವರು ಮನೆಗೆ ಹೋದರಲ್ಲ ಎಂದು ಡಿಪೋ ನಿಟ್ಟುಸಿರು ಬಿಟ್ಟಿತು. ಆ ಮನೆಯಲ್ಲೂ ಜನ ಇದ್ದಾರೆ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಆ ಮನೆಯಲ್ಲಿ ಅವರ ಹೆಂಡತಿ ಇದ್ದಳು. ಜನ್ಮದಲ್ಲಿ ಒಬ್ಬರನ್ನೂ ಚೆಕ್ ಮಾಡಿದವಳಲ್ಲ, ಆದರೂ ಗಂಡನ ದೆಸೆಯಿಂದ ಬೀದಿಯವರ ಬಾಯಲ್ಲಿ ಚೆಕಿಂಗಮ್ಮ ಆಗಿಹೋಗಿದ್ದಳು. ಲಿಫ್ಟ್ ರಿಪೇರಿ ಮಾಡುವ ಮಗ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ, ಒಂದನೇ ಕ್ಲಾಸಿಗೆ ಹೋಗುವ ಮೊಮ್ಮಗಳು. ಈ ಮೊಮ್ಮಗಳ ಬಾಯಿ ಎಲ್ಲಿ ಯಾವಾಗ ಸಿಡಿಯುತ್ತದೋ ಹೇಳುವಂತಿರಲಿಲ್ಲವಾದ್ದರಿಂದ ಅವಳಿಗೆ ಪಟಾಕಿ ಎಂದೇ ಹೆಸರು. ಇಷ್ಟು ಜನರಿಗೂ ಬೇಯಿಸಿ ಹಾಕುವ ಅಡುಗೆಮನೆ ಚೆಕಿಂಗಮ್ಮನದು. ಅಲ್ಲಿ ಕಣ್ಣು ಮುಚ್ಚಿ ಕೈ ಚಾಚಿದರೆ ಬೇಕಾದ ಡಬ್ಬಿ ಸಿಗುತ್ತಿತ್ತು. ಗಂಡ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ಕಾಲವೂ ಆ ಕೋಣೆಯಲ್ಲಿ ಅವಳದೇ ಮಾತು, ಅವಳದೇ ಆಟ.

ಈಗ ಬಾಗಿಲಿಗೆ ಒರಗಿಕೊಂಡು ಒಬ್ಬರು ನಿಂತಿರುತ್ತಿದ್ದರು.

"ಬೆಳಗ್ಗೆ ಬುಟ್ಟೀಲಿ ಆರು ಟೊಮೇಟೊ ಇದ್ವು. ಈಗ ನಾಲ್ಕಿದೆ. ಉಳಿದೆರಡು ಎಲ್ಲಿ ಇಳಿದ್ವು?"

"ಸೂಪಿನ ಪಾತ್ರೇಲಿ ಇಳಿದ್ವು. ಬೇಕಾದ್ರೆ ಮುಚ್ಚಳ ತೆಗೆದು ಅವನ್ನೇ ಕೇಳಿ."

"ಕೇಳಿದ್ದಕ್ಕೆ ಯಾಕೆ ಹಾಗೆ ಉರಿದು ಬೀಳ್ತೀಯಾ?"

"ಒಲೆ ಮುಂದೆ ಇರೋಳು ಉರೀದೆ ಇನ್ನೇನ್ರೀ ಮಾಡ್ತಾಳೆ?"

ಮೊದಮೊದಲು ಚೆಕಿಂಗಮ್ಮ ಇದನ್ನು ನಗೆಯಲ್ಲಿ ತೇಲಿಸಿಬಿಟ್ಟಳು. ಹೊಸದರಲ್ಲಿ ಹಾಗೇ, ನಾಲ್ಕು ದಿನ ಕಳೆದರೆ ಸರಿಹೋಗುತ್ತಾರೆ ಎಂದುಕೊಂಡಳು. ಸರಿಹೋಗಲಿಲ್ಲ. ಹಾಲು ಉಕ್ಕುವ ಮೊದಲೇ "ಉಕ್ತಾ ಇದೆ" ಎನ್ನುತ್ತಿದ್ದರು. ಈರುಳ್ಳಿ ಹೆಚ್ಚುವಾಗ "ಸಿಪ್ಪೆ ದಪ್ಪ ತೆಗೀತಿದ್ದೀಯ" ಎನ್ನುತ್ತಿದ್ದರು. ಊಟಕ್ಕೆ ಕೂತರೆ ಬಸ್ಸಿನ ಕಥೆ ಶುರು. ಅದರಲ್ಲೂ ಅರ್ಧ ಟಿಕೆಟಿನ ಕಥೆ ವಾರಕ್ಕೊಮ್ಮೆಯಾದರೂ ಬರಲೇಬೇಕು.

"ಕೊನೇ ಬಸ್ಸು. ಒಬ್ಬಳು ತಾಯಿ. ತೊಡೆ ಮೇಲೆ ಒಂದು ಹುಡುಗ. ಹುಡುಗನ ಕಾಲು ನೆಲ ಮುಟ್ತಾ ಇದೆ, ಮೂಗಿನ ಕೆಳಗೆ ಮೀಸೆ ಬರೋದೊಂದು ಬಾಕಿ. ಅರ್ಧ ಟಿಕೆಟ್ ತಗೊಂಡಿದ್ದಾಳೆ. ವಯಸ್ಸೆಷ್ಟಮ್ಮಾ ಅಂದ್ರೆ, ಐದು ವರ್ಷ ಅಂದ್ಲು. ಆಗ ನಾನೇನಂದೆ?"

ತಲೆ ಎತ್ತದೆ, ಬ್ರೆಡ್ಡು ಹರಿಯುತ್ತಲೇ ಮಗ, ಸೊಸೆ, ಪಟಾಕಿ ಮೂವರೂ ಒಂದೇ ದನಿಯಲ್ಲಿ ಹೇಳುತ್ತಿದ್ದರು: "'ಐದು ವರ್ಷಕ್ಕೆ ಚೆನ್ನಾಗಿ ಬೆಳೆದಿದೆಯಮ್ಮಾ' ಅಂದು ಇಳಿದುಬಿಟ್ರಿ."

"ಹ್ಞಾಂ! ಹಿಡಿಯೋಕೆ ಗೊತ್ತಿದ್ದೋನಿಗೆ ಬಿಡೋಕೂ ಗೊತ್ತಿರ್ಬೇಕು," ಎಂದು ಸಾಹೇಬರು ಸೂಪು ಹೀರುತ್ತಿದ್ದರು.

ನಮ್ಮನ್ನು ಬಿಡೋದು ಯಾವಾಗಲೋ ಎಂದು ಚೆಕಿಂಗಮ್ಮ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ಕೊನೆಗೆ ಜಗಳ ಹತ್ತಿಕೊಂಡಿದ್ದು ಸಕ್ಕರೆಯಿಂದ. ಚೆಕಿಂಗಮ್ಮ ತರಕಾರಿಗೆ ಹೋಗಿ ಬರುವಷ್ಟರಲ್ಲಿ ಸಾಹೇಬರು ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಹೆಚ್ಚು ಬಳಸುವುದು ಮುಂದೆ, ಕಡಿಮೆ ಬಳಸುವುದು ಹಿಂದೆ ಎಂದು ಹೊಸದಾಗಿ ಜೋಡಿಸಿಟ್ಟಿದ್ದರು. ಅವಳು ಎಂದಿನಂತೆ ನೋಡದೆ ಉಪ್ಪಿಗೆ ಕೈ ಚಾಚಿದಳು, ಎಂದಿನಂತೆ ಒಂದು ಹಿಡಿ ಸುರಿದಳು. ರಾತ್ರಿ ಮಗ ಒಂದು ಚಮಚ ಸೂಪು ಬಾಯಿಗಿಟ್ಟು, ಉಗುಳಲೂ ಆಗದೆ ನುಂಗಲೂ ಆಗದೆ ಅಪ್ಪನ ಮುಖ ಅಮ್ಮನ ಮುಖ ನೋಡಿದ. ಪಟಾಕಿ ಮಾತ್ರ ಎರಡನೇ ಬಟ್ಟಲು ಕೇಳಿದಳು.

"ಮೂವತ್ತೈದು ವರ್ಷ ನಾನು ನಿಮ್ಮ ಬಸ್ಸಿಗೆ ಬಂದು ಸ್ಟೇರಿಂಗ್ ಹಿಡ್ಕೊಂಡಿದ್ನಾ?" ಚೆಕಿಂಗಮ್ಮ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು.

"ನಾನು ಬಸ್ ಓಡಿಸ್ತಿರ್ಲಿಲ್ಲ. ಚೆಕ್ ಮಾಡ್ತಿದ್ದೆ."

"ಅದನ್ನೇ ನಾನೂ ಹೇಳ್ತಿರೋದು! ಓಡಿಸೋರು ಇನ್ಯಾರೋ, ತಪ್ಪು ಹುಡುಕೋರು ನೀವು. ನಾಳೆಯಿಂದ ಆ ಹೊಸ್ತಿಲು ದಾಟಿದ್ರೆ ನಾನು ಒಲೆ ಹಚ್ಚಲ್ಲ. ನೀವೇ ಬೇಯಿಸಿ, ನೀವೇ ಎಣಿಸಿ, ನೀವೇ ತಿನ್ನಿ."

ಮರುದಿನ ನಿಜವಾಗಿಯೂ ಒಲೆ ಹತ್ತಲಿಲ್ಲ. ಮಧ್ಯಾಹ್ನಕ್ಕೆ ಬ್ರೆಡ್ಡು, ರಾತ್ರಿಗೂ ಬ್ರೆಡ್ಡು. ಎರಡು ದೊಡ್ಡ ಮರಗಳು ಉಜ್ಜಾಡಿದರೆ ನಡುವಿನ ಗಿಡ ಒಣಗುತ್ತದೆ ಅನ್ನುತ್ತಾರಲ್ಲ, ಆ ನಡುವಿನ ಗಿಡಗಳು ಮಗ ಸೊಸೆ. ಆದರೆ ಸೊಸೆ ಒಣಗುವ ಪೈಕಿ ಅಲ್ಲ. ಸಂಜೆ ಅಂಗಡಿಯಿಂದ ಬರುವಾಗ ಹಾದಿಯಲ್ಲಿದ್ದ ನರ್ಸರಿಗೆ ನುಗ್ಗಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಗಿಡ ಹಿಡಿದುಕೊಂಡು ಬಂದಳು. ಗೇಣುದ್ದದ ಗಿಡ, ಒರಟು ಎಲೆ, ತುದಿಯಲ್ಲಿ ಒಂದೇ ಒಂದು ನೇರಳೆ ಬಣ್ಣದ ಹೂಗೊಂಚಲು.

"ಮಾವ, ಇದನ್ನ ಆಸೆಪಟ್ಟು ತಂದೆ. ನನಗೆ ನೋಡ್ಕೊಳ್ಳೋಕೆ ಟೈಮಿಲ್ಲ. ನೀವೇ ದಿಕ್ಕು."

"ನಾನಾ? ನನಗೆ ಗಿಡದ ಗಂಧ ಗಾಳಿ ಗೊತ್ತಿಲ್ಲಮ್ಮಾ."

"ನರ್ಸರಿಯಮ್ಮ ಹೇಳಿದ್ದಾರೆ, ವರ್ಷ ವರ್ಷ ಬರೋ ಗಿಡ ಅಂತೆ. ಒಂದ್ಸಲ ನೆಟ್ಟರೆ ಆಯ್ತು."

ವರ್ಷ ವರ್ಷ ಬರೋ ಗಿಡ. ಆ ಮಾತನ್ನು ಮನೆಯವರೆಲ್ಲ ಕೇಳಿಸಿಕೊಂಡರು, ಯಾರೂ ಅದರ ಅರ್ಥ ಏನೆಂದು ಕೇಳಲಿಲ್ಲ.

ಮನೆಯ ಮುಂದೆ ಕಾಂಪೌಂಡ್ ಗೋಡೆಯ ಬುಡಕ್ಕೆ ಚಾಪೆಯಗಲದ ಮಣ್ಣಿತ್ತು. ಸಾಹೇಬರು ಅಲ್ಲಿ ಗಿಡ ನೆಟ್ಟು ಸುತ್ತ ಇಟ್ಟಿಗೆ ಇಟ್ಟರು. ಮೊದಲ ವಾರ ಬೆಳಗ್ಗೆ ಸಂಜೆ ನೀರು ಸುರಿದು ಎಲೆ ಹಳದಿ ಮಾಡಿದರು. ನರ್ಸರಿಗೆ ಹೋಗಿ ಬೈಸಿಕೊಂಡು ಬಂದರು. ಅದಕ್ಕೆ ಬಿಸಿಲು ಬೇಕಂತೆ, ಬುಡದಲ್ಲಿ ನೀರು ನಿಲ್ಲಬಾರದಂತೆ. ಮಗ ಯಾವುದೋ ಕಟ್ಟಡದ ಕೆಲಸದಿಂದ ಒಂದು ಚೀಲ ಮರಳು ತಂದುಕೊಟ್ಟ. ಸಾಹೇಬರು ಬುಡ ಬಿಡಿಸಿ ಮರಳು ಬೆರೆಸಿದರು, ಬೆರಳು ಮಣ್ಣಿಗಿಳಿಸಿ ತೇವ ನೋಡಿ ಆಮೇಲೆ ನೀರು ಕೊಡುವುದನ್ನು ಕಲಿತರು. ಗಿಡ ಚೇತರಿಸಿಕೊಂಡಿತು.

ಹೂಗೊಂಚಲು ಒಣಗಿದಾಗ ಕತ್ತರಿಸಿ ಹಾಕಬೇಕು ಎಂದು ನರ್ಸರಿಯಮ್ಮ ಹೇಳಿದ್ದಕ್ಕೆ ಮಾತ್ರ ಅವರು ಒಪ್ಪಲೇ ಇಲ್ಲ. "ಪಾಪ, ಕೊಟ್ಟಷ್ಟು ಕೊಟ್ಟಿದೆ. ಅದಕ್ಕೆ ಕತ್ತರಿ ಹಾಕೋದಾ?" ಎಂದು ಎರಡು ದಿನ ಕತ್ತರಿ ಹಿಡಿದು ಗಿಡವನ್ನು ಸುತ್ತಿದರು. ಕೊನೆಗೆ ಪಟಾಕಿಯೇ ಕೈಯಿಂದ ಕಸಿದುಕೊಂಡು ಕಚಕ್ ಎನ್ನಿಸಿದಳು. ಸ್ವಲ್ಪ ದಿನಕ್ಕೆಲ್ಲ ಕತ್ತರಿಸಿದ ಒಂದು ಕಡೆ ಎರಡು ಗೊಂಚಲು ಎದ್ದು ನಿಂತವು. ಅಂದು ಸಾಹೇಬರು ಬೀದಿಯಲ್ಲಿ ಹೋಗುವವರನ್ನೆಲ್ಲ ಕೈ ಅಡ್ಡ ಹಾಕಿ ನಿಲ್ಲಿಸಿ ತೋರಿಸಿದರು.

ಅಲ್ಲಿಂದ ಮುಂದೆ ಅವರು ಬೆಳಗಿನ ಚಹಾದ ಲೋಟ ಹಿಡಿದು ಗಿಡದ ಮುಂದಿನ ಇಟ್ಟಿಗೆಯ ಮೇಲೆ ಕೂತರೆ ಬಿಸಿಲು ನೆತ್ತಿಗೆ ಬಂದಾಗಲೇ ಏಳುತ್ತಿದ್ದುದು. ಪ್ರತಿಯೊಂದು ಕಾಂಡವನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೇಲಿಂದ ಕೆಳಗೆ ನಿಧಾನವಾಗಿ ಸವರುತ್ತಿದ್ದರು. ಜೇನುಹುಳಗಳು ಬಂದರೆ, "ಒಬ್ಬೊಬ್ಬರಾಗಿ ಬನ್ನಿ, ನೂಕುನುಗ್ಗಲು ಬೇಡ," ಎನ್ನುತ್ತಿದ್ದರು.

ಒಳಗೆ ಚೆಕಿಂಗಮ್ಮ ಡಬ್ಬಿಗಳನ್ನೆಲ್ಲ ಹಳೆಯ ಜಾಗಕ್ಕೆ ಮರಳಿಸಿ, ಹಾಡು ಗುನುಗುತ್ತ ಆಲೂಗಡ್ಡೆ ಸುಲಿದಳು. ಸಿಪ್ಪೆ ದಪ್ಪವಾಗಿಯೇ ತೆಗೆದಳು. ಸೊಸೆಗೆ ಒಂದು ಮೊಟ್ಟೆ ಹೆಚ್ಚು ಹಾಕಿ ತಟ್ಟೆ ಕೊಟ್ಟು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೇ," ಎಂದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅತ್ತೆ ಸೊಸೆ ನಕ್ಕದ್ದೇ ನಕ್ಕದ್ದು.

ಚಳಿ ಬಂತು. ನಗುವೂ ಅಲ್ಲಿಗೆ ಮುಗಿಯಿತು.

ಮೊದಲು ಕೆಳಗಿನ ಎಲೆಗಳು ಬಾಡಿದವು. ಆಮೇಲೆ ಮೇಲಿನವು. ಸಾಹೇಬರು ನೀರು ಹೆಚ್ಚಿಸಿದರು, ಆಮೇಲೆ ಕಡಿಮೆ ಮಾಡಿದರು, ಹಳೆಯ ಗೋಣಿಚೀಲ ಹೊದಿಸಿದರು. ಏನು ಮಾಡಿದರೂ ಗಿಡ ಕಂದಿ, ಒಣಗಿ, ಕೊನೆಗೆ ಮಣ್ಣಿನ ಮೇಲೆ ನಾಲ್ಕು ಕಡ್ಡಿ ಉಳಿಯಿತು. ಸಾಹೇಬರು ಊಟದಲ್ಲಿ ಬಸ್ಸಿನ ಕಥೆ ಹೇಳುವುದನ್ನೂ ಬಿಟ್ಟರು. ಒಂದು ಬೆಳಗ್ಗೆ ಚೆಕಿಂಗಮ್ಮ ತಿರುಗಿ ನೋಡುತ್ತಾಳೆ, ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಾರೆ!

"ಹಾಲು ಉಕ್ತಾ ಇದೆ," ಎಂದರು ಸಾಹೇಬರು, ಹಾಲಿನ ಪಾತ್ರೆ ಒಲೆಯ ಮೇಲೆ ಇರದಿದ್ದರೂ.

ಆ ಸಂಜೆ ಅತ್ತೆ ಸೊಸೆ ಮಗ ಮೂವರೂ ಗುಸುಗುಸು ಮಾಡಿದರು.

"ಮತ್ತೆ ಡಬ್ಬಿ ಜೋಡಿಸೋಕೆ ಶುರು ಮಾಡಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ," ಎಂದಳು ಚೆಕಿಂಗಮ್ಮ.

"ಎಲ್ಲಿಗಮ್ಮಾ ಹೋಗ್ತೀಯಾ?" ಎಂದ ಮಗ.

"ನಿನ್ನ ಲಿಫ್ಟಿನೊಳಗೆ ಕೂತ್ಕೋತೀನಿ."

"ಅತ್ತೆ, ಗಿಡ ಸತ್ತಿದ್ರೆ ಏನೀಗ? ಅಂಥದ್ದೇ ಇನ್ನೊಂದು ತಂದು ನೆಟ್ಟುಬಿಡೋಣ. ಶನಿವಾರ ಮಾವ ಹೇಗೂ ಊರಲ್ಲಿರಲ್ಲ," ಎಂದಳು ಸೊಸೆ. ಡಿಪೋದ ಹಳೇ ಗೆಳೆಯನೊಬ್ಬನ ಮಗಳ ಮದುವೆಗೆ ಸಾಹೇಬರು ಪಕ್ಕದ ಊರಿಗೆ ಹೋಗಿ ಒಂದು ರಾತ್ರಿ ಉಳಿಯುವವರಿದ್ದರು.

"ಅವರಿಗೆ ಗೊತ್ತಾಗಲ್ವಾ?"

"ಚಿಗುರಿದೆ ಅಂದ್ರಾಯ್ತು. ಗಿಡ ಗಿಡ ಎಲ್ಲಾ ಒಂದೇ ಥರ ಇರುತ್ತೆ."

ಶನಿವಾರ ಅತ್ತೆ ಸೊಸೆ ಹೋದಾಗ ನರ್ಸರಿಯಲ್ಲಿ ಜನವೋ ಜನ. ನರ್ಸರಿಯಮ್ಮನ ಹತ್ತಿರ ಹೋದರೆ, ಕೊಟ್ಟ ಗಿಡವನ್ನು ಕೊಂದಿರಾ ಎಂದು ಬೈಯುತ್ತಾಳೆಂಬ ಭಯ. ಅದಕ್ಕೇ ಹಿಂದಿನ ಸಾಲಿಗೆ ಹೋಗಿ, ನೀರು ಹಿಡಿಯುತ್ತಿದ್ದ ಆಳಿನ ಹತ್ತಿರ, "ನೇರಳೆ ಹೂ ಬಿಡೋ ಗಿಡ ಇದೆಯೇನಪ್ಪಾ, ಇಷ್ಟೆತ್ತರದ್ದು?" ಎಂದು ಗೇಣು ತೋರಿಸಿದರು. ಅವನು ಮೊಗ್ಗಿಲ್ಲದ ಒಂದು ಹಸಿರು ಗಿಡ ಎತ್ತಿಕೊಟ್ಟ. "ಬಣ್ಣ ನೇರಳೇನೇ ತಾನೇ?" ಎಂದಳು ಚೆಕಿಂಗಮ್ಮ. "ಅದೇ ಇರ್ಬೇಕು," ಎಂದ. ಇರಬೇಕು ಎಂಬ ಮಾತಿನಲ್ಲಿ ಎಷ್ಟು ತೂತುಗಳಿವೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಮನೆಗೆ ಬಂದು ಚೆಕಿಂಗಮ್ಮ ತಾನೇ ಸೀರೆ ಎತ್ತಿಕಟ್ಟಿ ಒಣಗಿದ ಗಿಡವನ್ನು ಬೇರುಸಹಿತ ಕಿತ್ತಳು. ಕಡ್ಡಿ ಒಣಗಿದ್ದರೂ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಸತ್ತ ಗಿಡಕ್ಕೆ ಇಷ್ಟು ಹಟವೇ ಎಂದು ಬೈದುಕೊಂಡೇ ಎಳೆದಳು. ಹಿತ್ತಲ ಕಸದ ಗುಡ್ಡೆಗೆ ಎಸೆದು ಹೊಸದನ್ನು ನೆಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಪಟಾಕಿ ಮಾತ್ರ ಕಣ್ಣು ಬಿಟ್ಟುಕೊಂಡು ನಿಂತಿದ್ದಳು.

"ತಾತಂಗೆ ಹೇಳಬಾರ್ದು," ಎಂದಳು ಚೆಕಿಂಗಮ್ಮ.

"ಐಸ್‌ಕ್ರೀಮ್ ಕೊಡಿಸಿದ್ರೆ ಹೇಳಲ್ಲ."

"ಈ ಚಳೀಲಾ?"

"ಹಾಗಾದ್ರೆ ಹೇಳ್ತೀನಿ." ಐಸ್‌ಕ್ರೀಮ್ ಕೊಡಿಸಬೇಕಾಯಿತು.

ಮರುದಿನ ಸಂಜೆ ಸಾಹೇಬರು ಬಂದರು. ಗೇಟಿನ ಹತ್ತಿರವೇ ನಿಂತುಬಿಟ್ಟರು. ಮನೆಯವರೆಲ್ಲ ಕಿಟಕಿಯ ಹಿಂದೆ. ಸಾಹೇಬರು ಚೀಲ ಕೆಳಗಿಟ್ಟು, ಬಗ್ಗಿ, ಕಾಂಡವನ್ನು ಬೆರಳಿನಿಂದ ಮೇಲಿಂದ ಕೆಳಗೆ ಸವರಿದರು. ಇನ್ನೊಮ್ಮೆ ಸವರಿದರು.

"ಅಪ್ಪಾ, ನೋಡಿದ್ಯಾ, ಚಿಗುರಿಬಿಟ್ಟಿದೆ!" ಎಂದು ಮಗ ಹೊರಗೆ ಬಂದು ಕೂಗಿದ. ಅವನು ಸುಳ್ಳು ಹೇಳುವಾಗ ದನಿ ದೊಡ್ಡದಾಗುತ್ತದೆ.

"ನೋಡಿದೆ. ಒಂದೇ ರಾತ್ರೀಲಿ ಗೇಣುದ್ದ. ಪರವಾಗಿಲ್ಲ," ಎಂದು ಸಾಹೇಬರು ಒಳಗೆ ಹೋಗಿ ಕಾಲು ತೊಳೆದುಕೊಂಡರು.

ಮರುದಿನದಿಂದ ಮತ್ತೆ ಚಹಾದ ಲೋಟ ಹಿಡಿದು ಹೊರಗೆ. ಅಡುಗೆಮನೆ ಬಾಗಿಲು ಬರಿದಾಯಿತು. ಚೆಕಿಂಗಮ್ಮ ಗೆದ್ದಳು. ಆದರೆ ಈ ಸಲ ಯಾಕೋ ಹಾಡು ಬರಲಿಲ್ಲ. ಗಂಡ ಮಾತು ಕಡಿಮೆ ಮಾಡಿದ್ದರು. ತಟ್ಟೆಗೆ ಬಿದ್ದದ್ದನ್ನು ತಿಂದು, ತಟ್ಟೆ ತೊಳೆದಿಟ್ಟು, "ಚೆನ್ನಾಗಿತ್ತು," ಎಂದು ಎದ್ದು ಹೋಗುತ್ತಿದ್ದರು. ಉಪ್ಪು ಕಡಿಮೆಯಾದ ದಿನವೂ ಚೆನ್ನಾಗಿತ್ತು, ತಳ ಹತ್ತಿದ ದಿನವೂ ಚೆನ್ನಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಚೆಕಿಂಗಮ್ಮನದು. ಇಲ್ಲಿ ಯಾರೂ ಕಳ್ಳ ಎನ್ನದೆಯೇ ಅವಳ ಹೆಗಲು ನವೆಯಾಗುತ್ತಿತ್ತು.

ಚಳಿ ಇಳಿಯುತ್ತಿದ್ದಂತೆ ಹೊಸ ಗಿಡ ಮೊಗ್ಗು ಬಿಟ್ಟಿತು. ಒಂದು ಭಾನುವಾರ ಬೆಳಗ್ಗೆ ಸೊಸೆ ಹೊರಗಿನಿಂದ ಓಡಿಬಂದು ಅತ್ತೆಯ ಕೈ ಹಿಡಿದುಕೊಂಡಳು.

"ಅತ್ತೆ, ಕೆಟ್ವಿ. ಹೂ ಬಿಟ್ಟಿದೆ."

"ಬಿಡ್ಲಿ ಬಿಡು."

"ಹಳದಿ ಬಿಟ್ಟಿದೆ."

ಚೆಕಿಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ ನೋಡಿದಳು. ಅನುಮಾನಕ್ಕೆ ಜಾಗವೇ ಇರಲಿಲ್ಲ. ನಿಂಬೆಹಣ್ಣಿನಷ್ಟು ಹಳದಿ. ಸಾಹೇಬರು ಅದರ ಮುಂದೆಯೇ ಇಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಇಂದು ಮನೆಯಲ್ಲಿ ದೊಡ್ಡ ಯುದ್ಧ ಎಂದುಕೊಂಡಳು.

"ನೋಡಿದ್ಯಾ?" ಎಂದರು ಸಾಹೇಬರು. "ನೇರಳೆ ಈ ಸಲ ಚೆನ್ನಾಗಿ ಬಂದಿದೆ."

ಚೆಕಿಂಗಮ್ಮ ಹೂವನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಹೂವನ್ನು ನೋಡಿದಳು. ಮಧ್ಯಾಹ್ನದ ಊಟಕ್ಕೆ ಕೂತಾಗಲೂ ಅದೇ ಮಾತು. ಮಗನಿಗೆ ತುತ್ತು ನೆತ್ತಿಗೇರಿತು. ಪಟಾಕಿ ಕಿಸಕ್ಕೆಂದಳು. ಸೊಸೆ ಮಾತ್ರ ನಗಲಿಲ್ಲ. ಪಾತ್ರೆ ತೊಳೆಯುವಾಗ ಅತ್ತೆಯ ಕಿವಿಯಲ್ಲಿ, "ತಮಾಷೆ ಅಲ್ಲ ಅತ್ತೆ. ವಯಸ್ಸಾದವರಿಗೆ ಕಣ್ಣಿನ ಪೊರೆ ಬಂದ್ರೆ ಬಣ್ಣ ಸರಿಯಾಗಿ ಕಾಣಲ್ಲ. ನಾಳೆ ಅಂಗಡಿಗೆ ಕರ್ಕೊಂಡ್ಬನ್ನಿ, ಡಾಕ್ಟರ್ ಬರ್ತಾರೆ," ಎಂದಳು.

ಕಣ್ಣು ಎಂದೊಡನೆ ಚೆಕಿಂಗಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಟೊಮೇಟೊ ಎಣಿಸಲಿ, ಡಬ್ಬಿ ಜೋಡಿಸಲಿ, ಏನು ಬೇಕಾದರೂ ಮಾಡಲಿ, ಕಣ್ಣೊಂದು ಚೆನ್ನಾಗಿರಲಿ ಎಂದು ರಾತ್ರಿಯೆಲ್ಲ ಮಗ್ಗುಲು ಬದಲಿಸಿದಳು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಹೇಬರನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿದರು. ಚೆಕಿಂಗಮ್ಮ ಗೋಡೆಬದಿಯ ಬೆಂಚಿನ ಮೇಲೆ ಕೈ ಹಿಸುಕಿಕೊಳ್ಳುತ್ತ ಕೂತಳು. ಡಾಕ್ಟರ್ ಒಂದು ಕಣ್ಣು ಮುಚ್ಚಿಸಿ ಅಕ್ಷರದ ಬೋರ್ಡು ಓದಿಸಿದರು. ಸಾಹೇಬರು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಬಸ್ ನಿಲ್ದಾಣಗಳ ಹೆಸರು ಹೇಳುವವರಂತೆ ಸರಸರ ಓದಿದರು. "ಬೋರ್ಡಿನ ಮೂಲೇಲಿ ಒಂದು ಇರುವೆ ಹೋಗ್ತಿದೆ, ಅದನ್ನೂ ಓದ್ಲಾ?" ಎಂದರು. ಆಮೇಲೆ ಬಣ್ಣದ ಚುಕ್ಕೆಗಳ ಪುಸ್ತಕ. ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನೆಲ್ಲ ಹಾಳೆ ತಿರುಗಿಸಿದ ಕೂಡಲೇ ಹೇಳಿಬಿಟ್ಟರು.

"ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ," ಎಂದರು ಡಾಕ್ಟರ್.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆಗೆ ಒಮ್ಮೆಲೇ ಎಲ್ಲ ಅರ್ಥವಾಯಿತು, ಮುಖ ಕೆಂಪಾಯಿತು.

ಮನೆಗೆ ಮರಳುವ ಬಸ್ಸಿನಲ್ಲಿ ಜನ ಇರಲಿಲ್ಲ. ಚೆಕಿಂಗಮ್ಮ ಕಿಟಕಿಯ ಪಕ್ಕ ಕೂತಳು. ಪಕ್ಕದ ಸೀಟು ಖಾಲಿಯಿದ್ದರೂ ಸಾಹೇಬರು ಬಾಗಿಲ ಹತ್ತಿರದ ಕಂಬ ಹಿಡಿದು ನಿಂತರು.

"ಬಂದು ಕೂತ್ಕೊಳ್ರೀ."

"ಅಭ್ಯಾಸ."

"ಕೂತ್ಕೊಳ್ಳಿ ಅಂದೆ."

ಕೂತರು. ಬಸ್ಸು ಹೊರಟಿತು.

"ಹೂ ಹಳದಿ ಅಂತ ನಿಮಗೆ ಗೊತ್ತು," ಎಂದಳು.

"ಹೂ ಬಿಡೋಕೆ ಮುಂಚೇನೇ ಗೊತ್ತು. ಮದುವೆಯಿಂದ ಬಂದ ದಿನ ಮುಟ್ಟಿ ನೋಡ್ದೆ. ನಮ್ಮ ಗಿಡದ ಕಾಂಡಕ್ಕೆ ನಾಲ್ಕು ಮೂಲೆ ಕಣೇ. ಚೌಕ. ಬೆರಳಿಗೆ ಗೊತ್ತಾಗುತ್ತೆ. ಇದು ಪೆನ್ಸಿಲ್ ಥರ ಗುಂಡಗಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

ಸಾಹೇಬರು ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತರು. "ನಾನು ಅಡುಗೆಮನೆಗೆ ಬರದೇ ಇರ್ಲಿ ಅಂತ ನೀವೆಲ್ಲ ಎಷ್ಟು ಕಷ್ಟಪಟ್ಟಿದ್ದೀರಿ. ನರ್ಸರಿಗೆ ಓಡಿದ್ದೀರಿ, ಮಣ್ಣು ಅಗೆದಿದ್ದೀರಿ. ಅಷ್ಟು ಪಾಡು ಪಟ್ಟೋರನ್ನ ಹಿಡಿದು ನಾನೇನು ಮಾಡ್ಲಿ? ನೇರಳೆಗೆ ಚೆನ್ನಾಗಿ ಬೆಳೆದಿದೆ ಅಂದು ಇಳಿದುಬಿಟ್ಟೆ."

ಚೆಕಿಂಗಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನು ಹೊರಗೆ ಬಿಡಬೇಕೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿದಳು.

"ಇನ್ನೊಂದು ಮಾತು," ಎಂದರು ಸಾಹೇಬರು. "ತಪ್ಪು ಹುಡುಕೋಕೆ ನಾನು ಬಾಗಿಲಲ್ಲಿ ನಿಲ್ತಿದ್ದೆ ಅಂದ್ಕೊಂಡಿದ್ದೀಯಲ್ಲ, ಹಾಗಲ್ಲ. ಮಗ ಸೊಸೆ ಕೆಲಸಕ್ಕೆ ಹೋಗ್ತಾರೆ, ಮಗು ಸ್ಕೂಲಿಗೆ ಹೋಗುತ್ತೆ. ಮನೇಲಿ ಮಾತಾಡೋಕೆ ಇರೋಳು ನೀನೊಬ್ಬಳು. ನೀನಿರೋದು ಅಡುಗೆಮನೇಲಿ. ಮೂವತ್ತೈದು ವರ್ಷ ಸಾವಿರಾರು ಜನರ ಹತ್ರ ಮಾತಾಡಿದ್ದೀನಿ, ಎಲ್ಲರ ಹತ್ರಾನೂ ಒಂದೇ ಮಾತು, ಟಿಕೆಟ್ ತೋರಿಸಿ. ಬೇರೆ ಮಾತು ಹೇಗೆ ಶುರು ಮಾಡೋದು ಅಂತ ನನಗೆ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಟೊಮೇಟೊ ಎಣಿಸ್ತಿದ್ದೆ."

ತನ್ನ ಗಂಡ ಇಷ್ಟು ದಿನ ಹೊಸ್ತಿಲ ಆಚೆ ನಿಂತು ಮಾತಿಗೆ ದಾರಿ ಹುಡುಕುತ್ತಿದ್ದರು, ತಾನು ಸೌಟು ಕುಕ್ಕಿ ಅಟ್ಟಿದೆನಲ್ಲ ಎಂದು ಚೆಕಿಂಗಮ್ಮನಿಗೆ ನಾಚಿಕೆಯಾಯಿತು. ಡಬ್ಬಿ ಮುಟ್ಟಿದ್ದು ಮಾತ್ರ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ ಎಂದೂ ಅನ್ನಿಸಿತು. ಇಳಿಯುವ ನಿಲ್ದಾಣ ಬಂದಾಗ, ಅವಳೇ ಮೊದಲು ಇಳಿದು ಅವರಿಗೆ ಕೈ ಕೊಟ್ಟಳು.

ಮನೆಗೆ ಬಂದವರೇ ಸಾಹೇಬರು, "ಬಾ, ಒಂದು ತೋರಿಸ್ತೀನಿ," ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ನೀರಿನ ಡ್ರಮ್ಮಿನ ಹಿಂದೆ, ಬಿಸಿಲು ಬೀಳುವ ಸಂದಿಯಲ್ಲಿ, ಒಂದು ಹಳೆಯ ಬಣ್ಣದ ಡಬ್ಬಿ. ತಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದರು. ಮಣ್ಣಿನ ಮೇಲೆ ಅವೇ ನಾಲ್ಕು ಒಣ ಕಡ್ಡಿ. ಕಡ್ಡಿಗಳ ಬುಡದಲ್ಲಿ, ಬೇರಿನಿಂದಲೇ ಎದ್ದ ಹತ್ತಾರು ಚಿಗುರು. ಒರಟು ಎಲೆ, ಹಳೆಯ ಎಲೆಯೇ.

"ಸತ್ತಿರ್ಲಿಲ್ವಾ?" ಎಂದಳು ಚೆಕಿಂಗಮ್ಮ ಕೆನ್ನೆಗೆ ಕೈ ಹಚ್ಚಿ.

"ನರ್ಸರಿಯಮ್ಮನ್ನ ಕೇಳ್ದೆ. ಚಳಿ ಬಂದ್ರೆ ಮೇಲಿಂದೆಲ್ಲಾ ಬಿಟ್ಕೊಟ್ಟು ಬೇರಲ್ಲಿ ಮಲಗಿಬಿಡುತ್ತಂತೆ. ವರ್ಷ ವರ್ಷ ಬರೋ ಗಿಡ ಅಂದ್ನಲ್ಲಾ ಸ್ವಾಮಿ, ಬರ್ಬೇಕಾದ್ರೆ ಒಂದ್ಸಲ ಹೋಗ್ಬೇಕಲ್ವಾ ಅಂತ ನನಗೇ ಬೈದ್ಲು."

"ಕಸದ ಗುಡ್ಡೇಲಿತ್ತು. ನಿಮಗೆ ಹೇಗೆ ಸಿಕ್ತು?"

ಸಾಹೇಬರು ಉತ್ತರಿಸುವ ಮೊದಲೇ ಸ್ಕೂಲಿನಿಂದ ಬಂದ ಪಟಾಕಿ ಹಿಂದಿನಿಂದ ಸಿಡಿಯಿತು. "ನಾನೇ ತೋರ್ಸಿದ್ದು! ಅಜ್ಜಿ ಕೊಡಿಸಿದ ಐಸ್‌ಕ್ರೀಮು ತಾತಂಗೆ ಹೇಳಬೇಡ ಅನ್ನೋದಕ್ಕೆ. ತಾತ ಕೊಡಿಸಿದ ಐಸ್‌ಕ್ರೀಮು, ತಾತಂಗೆ ಹೇಳಿದ್ದೀನಿ ಅಂತ ಅಜ್ಜಿಗೆ ಹೇಳಬೇಡ ಅನ್ನೋದಕ್ಕೆ."

"ಎರಡೂ ಕಡೆ ತಿಂದ್ಯಲ್ಲೇ!" ಎಂದು ಚೆಕಿಂಗಮ್ಮ ಕೈ ಎತ್ತಿದಳು, ಆದರೆ ನಗುವಿನಲ್ಲಿ ಕೈ ಮೇಲೆಯೇ ನಿಂತುಬಿಟ್ಟಿತು.

ಮರು ಭಾನುವಾರ ಬೇರನ್ನು ಮಣ್ಣುಸಹಿತ ಮುಂದಿನ ಜಾಗಕ್ಕೆ ತಂದರು. ಹಳದಿ ಗಿಡವನ್ನು ಕಿತ್ತು ಬಿಡಲೇ ಎಂದು ಮಗ ಗುದ್ದಲಿ ಎತ್ತಿದಾಗ ಸಾಹೇಬರು ಕೈ ಅಡ್ಡ ಹಾಕಿದರು. "ಬೇಡ ಬೇಡ. ಹತ್ತಿ ಕೂತ ಮೇಲೆ ನಡುದಾರೀಲಿ ಇಳಿಸೋದು ಪಾಪ. ಸ್ವಲ್ಪ ಆಚೆ ಸರಿಸಿ ಜಾಗ ಮಾಡು." ಮಗ ಸರಿಸಿದ. ಸೊಸೆ ಮರಳು ಸುರಿದಳು. ಚೆಕಿಂಗಮ್ಮ ಕಿತ್ತ ಕೈಯಿಂದಲೇ ಮಣ್ಣು ಒತ್ತಿದಳು, ಬೆರಳ ಕೆಳಗೆ ಬೇರಿನ ಬಿಗಿ ಈ ಸಲ ಹಿತವೆನ್ನಿಸಿತು.

ಬಿಸಿಲು ಏರಿತು. ಚಿಗುರು ಕಾಂಡವಾಯಿತು. ಒಂದು ಬೆಳಗ್ಗೆ ಚೆಕಿಂಗಮ್ಮ ಹುರುಳಿಕಾಯಿ ತೊಳೆಯುತ್ತಿದ್ದಾಗ ಬಾಗಿಲಿನ ಬೆಳಕು ಮಂಕಾಯಿತು. ತಿರುಗಿ ನೋಡಿದಳು. ಸಾಹೇಬರು ಹೊಸ್ತಿಲ ಆಚೆ, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದರು. ಕಿಟಕಿಯ ಕೆಳಗೆ ಅವಳು ಹಿಂದಿನ ದಿನವೇ ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದ ಒಂದು ಸ್ಟೂಲು ಇತ್ತು. ಅದರತ್ತ ಅವರು ನೋಡಿದರು, ಕೇಳಲಿಲ್ಲ.

"ಬಾಗಿಲಲ್ಲಿ ನಿಲ್ಲೋ ಹಾಗಿಲ್ಲ," ಎಂದಳು ಚೆಕಿಂಗಮ್ಮ. "ಟಿಕೆಟ್ ತೋರಿಸಿ."

ಸಾಹೇಬರು ಬೆನ್ನ ಹಿಂದಿನಿಂದ ಕೈ ಮುಂದೆ ತಂದರು. ಮೊದಲ ನೇರಳೆ ಹೂಗೊಂಚಲು.

ಅವಳು ಒದ್ದೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಹೂವಿನ ಕಡೆ ನೋಡದೆ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಮೇಲಿಂದ ಕೆಳಗೆ ಸವರಿದಳು. ನಾಲ್ಕು ಮೂಲೆ, ಒಂದೊಂದೂ ಬೆರಳಿಗೆ ತಾಗಿತು.

"ಅಸಲಿ," ಎಂದಳು. "ಆದ್ರೆ ಅರ್ಧ ಟಿಕೆಟ್ಟು."

"ಅರ್ಧಾನಾ? ನನಗಾ?"

"ಐದು ವರ್ಷಕ್ಕೆ ಚೆನ್ನಾಗಿ ಬೆಳೆದಿದ್ದೀರಿ. ಹೋಗಿ ಕೂತ್ಕೊಳ್ಳಿ. ಡಬ್ಬಿ ಮುಟ್ಟಿದ್ರೆ ಇಳಿಸಿಬಿಡ್ತೀನಿ."

ಸಾಹೇಬರು ಹೊಸ್ತಿಲು ದಾಟಿ ಸ್ಟೂಲಿನ ಮೇಲೆ ಕೂತರು. ಅವಳು ಹೂವನ್ನು ಒಂದು ಲೋಟ ನೀರಿನಲ್ಲಿ ಇಟ್ಟು, ಹುರುಳಿಕಾಯಿಯ ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟಳು. ನಾರು ತೆಗೆಯುತ್ತ ಅವರು ಅತ್ತ ಇತ್ತ ನೋಡಿದರು, ಗಂಟಲು ಸರಿಮಾಡಿಕೊಂಡರು, ಮಾತು ಹುಡುಕಿದರು.

"ಬೆಳಗ್ಗೆ ಎಷ್ಟು ಟೊಮೇಟೊ ಇದ್ವು?" ಎಂದರು ಕೊನೆಗೆ.

"ನೀವೇ ಎಣಿಸಿ ಹೇಳಿ," ಎಂದಳು ಚೆಕಿಂಗಮ್ಮ, "ಕೇಳ್ತಾ ಇದ್ದೀನಿ."